ವಯೋಲಾಕ್ಕೆ ಇಡೀ ಪುಟ ಯಾಕೆ?

ಯಾದಗಿರಿಯ ಓದುಗರೊಬ್ಬರ ಪತ್ರ: "ಹೋದ ಸಂಚಿಕೆಯಲ್ಲಿ ವಯೋಲಾ ಕಾನ್ಸೆರ್ಟೊ (ಒಂದು ವಾದ್ಯ ಮುಂದೆ ನಿಂತು ಇಡೀ ಆರ್ಕೆಸ್ಟ್ರಾದ ಜೊತೆ ನುಡಿಯುವ ಕೃತಿ) ಬಗ್ಗೆ ಇಡೀ ಪುಟ ಕೊಟ್ಟಿದ್ದೀರಿ. ನೀವು ಹೇಳಿದ ಶ್ನಿಟ್ಕೆಯ ಕೃತಿಯನ್ನು ಮೊಬೈಲ್‌ನಲ್ಲಿ ಹಾಕಿ ಕೇಳಿದೆ. ಬರೀ ಗದ್ದಲ. ಅರ್ಧಕ್ಕೇ ಬಿಟ್ಟೆ. ವಯೋಲಾ ಅಂದರೆ ಸ್ವಲ್ಪ ದೊಡ್ಡ ವಯೊಲಿನ್, ಅಷ್ಟೇ ಅಲ್ವಾ? ಕಲಬುರಗಿಯಿಂದ ಬರುವ ಪತ್ರಿಕೆಯಲ್ಲಿ ಆ ಜಾಗ ತತ್ವಪದಕ್ಕೆ ಸಿಗಬೇಕಿತ್ತು."

ಸಂಪಾದಕರ ಉತ್ತರ:

ಸರ್, ಕೇಳಿದ ಮೇಲೆ ಬೇಸರ ಹೇಳಿದ್ದೀರಿ. ಕೇಳದೆಯೇ ಬರೆಯುವವರು ಜಾಸ್ತಿ. ಅದಕ್ಕೇ ನಿಮಗೆ ಉದ್ದ ಉತ್ತರ.

ವಯೊಲಿನ್‌ನ ತೀರಾ ಎತ್ತರದ ಸ್ವರದ ತಂತಿ ವಯೋಲಾದಲ್ಲಿ ಇಲ್ಲ. ಬದಲಿಗೆ ತಗ್ಗಿನ ಸ್ವರದ ದಪ್ಪ ತಂತಿಯೊಂದು ಇದೆ. ವಯೊಲಿನ್‌ನ ಒಡಲು 14 ಇಂಚು, ಇದರದ್ದು 16ರ ಆಸುಪಾಸು. ಅಷ್ಟು ತಗ್ಗಿನ ಸ್ವರಕ್ಕೆ ಆ ಗಾತ್ರವೂ ಸಾಲದು. ಅದಕ್ಕೇ ಇದರ ದನಿ ಗಂಟಲು ತುಂಬಿ ಬಂದವರ ಮಾತಿನ ಹಾಗೆ ಕೇಳಿಸುತ್ತದೆ. ಆರ್ಕೆಸ್ಟ್ರಾದಲ್ಲಿ ಎತ್ತರದ ಸ್ವರಗಳಿಗೆ ವಯೊಲಿನ್, ತಗ್ಗಿನ ಸ್ವರಗಳಿಗೆ ಇನ್ನೂ ದೊಡ್ಡದಾದ ಚೆಲ್ಲೊ. ನಡುವೆ ಇದು ಮುಚ್ಚಿಹೋಗುತ್ತದೆ.

1985ರಲ್ಲಿ ಈ ಕಾನ್ಸೆರ್ಟೊ ಬರೆಯುವಾಗ ಸೋವಿಯತ್ ಸಂಯೋಜಕ ಆಲ್ಫ್ರೆಡ್ ಶ್ನಿಟ್ಕೆ ಆರ್ಕೆಸ್ಟ್ರಾದಿಂದ ವಯೊಲಿನ್‌ಗಳನ್ನೇ ತೆಗೆದುಬಿಟ್ಟರು. ಒಂದೂ ಇಲ್ಲ. ವಯೋಲಾಕ್ಕೆ ಉಸಿರಾಡಲು ಜಾಗ ಸಿಕ್ಕಿತು. ಎಂಥ ಧೈರ್ಯ ನೋಡಿ! ಇದೊಂದಕ್ಕೇ ನಾನು ಪುಟ ಕೊಟ್ಟೆ ಅಂದರೂ ತಪ್ಪಿಲ್ಲ. ಅವರು ಬರೆದದ್ದು ಯೂರಿ ಬಾಷ್ಮೆತ್ ಎಂಬ ವಾದಕರಿಗಾಗಿ. ಪಾಶ್ಚಾತ್ಯ ಸಂಗೀತದಲ್ಲಿ ಸ್ವರಗಳಿಗೆ ಅಕ್ಷರಗಳೇ ಹೆಸರು, ಹಾಗಾಗಿ ಆ ಹೆಸರಿನ ಅಕ್ಷರಗಳನ್ನೇ ಸ್ವರಗಳಾಗಿ ಮಾಡಿ ಕೃತಿಯೊಳಗೆ ಹೆಣೆದರು. ಬರೆದು ಮುಗಿಸಿದ ಕೆಲವೇ ದಿನಗಳಲ್ಲಿ ಶ್ನಿಟ್ಕೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು. 1986ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಾಷ್ಮೆತ್ ಇದನ್ನು ಮೊದಲ ಸಲ ನುಡಿಸಿದರು.

ನಿಮಗೆ ಕೇಳಿಸಿದ ಗದ್ದಲ ನಿಜ. ಎರಡನೆಯ ಭಾಗ ಇರುವುದೇ ಹಾಗೆ. ಹಳೆಯ ಕಾಲದ ಸಿಹಿಯಾದ ರಾಗವೊಂದು ಬರುತ್ತದೆ, ಉಳಿದ ವಾದ್ಯಗಳು ಮೇಲೆ ಬಿದ್ದು ಅದನ್ನು ಚಿಂದಿ ಮಾಡುತ್ತವೆ. ವಯೋಲಾ ಓಡುತ್ತಲೇ ಇರುತ್ತದೆ. ಆದರೆ ಮೂರನೆಯ ಭಾಗ ನಿಧಾನ, ಉದ್ದ. ಅಲ್ಲಿ ವಯೋಲಾ ಬಹಳ ಹೊತ್ತು ಒಂಟಿ. ನೀವು ಬಿಟ್ಟದ್ದು ಅದನ್ನೇ, ನನಗೆ ನೋವಾಗಿದ್ದೂ ಅದಕ್ಕೇ.

ಹೊಸಬರೂ ಈ ವಾದ್ಯವನ್ನು ಬಿಟ್ಟಿಲ್ಲ. ಜರ್ಮನಿಯ ಯೋರ್ಗ್ ವಿಡ್‌ಮನ್ ಅವರ 2015ರ ಕಾನ್ಸೆರ್ಟೊದಲ್ಲಿ ವಾದಕ ಮೊದಲು ವಯೋಲಾದ ಮೈಯನ್ನು ಬೆರಳಿಂದ ತಟ್ಟುತ್ತಾನೆ, ವೇದಿಕೆ ಮೇಲೆ ಓಡಾಡುತ್ತಾನೆ. ಕಮಾನು ಹಿಡಿಯುವುದು ಎಷ್ಟೋ ಹೊತ್ತಾದ ಮೇಲೆ.

ತತ್ವಪದದ ಬಗ್ಗೆ ನಿಮ್ಮ ಮಾತು ನ್ಯಾಯವಾದದ್ದು. ಕಡಕೋಳ ಮಡಿವಾಳಪ್ಪನವರ ಪದಗಳನ್ನು ಏಕತಾರಿ ಹಿಡಿದು ಹಾಡುವವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅದಕ್ಕೂ ಪುಟ ಕೊಡುತ್ತೇವೆ. ನಿಮ್ಮ ಕಡೆಯ ಹಾಡುಗಾರರ ಬಗ್ಗೆ ನೀವೇ ಬರೆದು ಕಳಿಸಿದರೆ ಇನ್ನೂ ಸಂತೋಷ. ಆದರೆ ಇದನ್ನು ತೆಗೆದು ಅದನ್ನು ಹಾಕಿ ಅನ್ನುವುದನ್ನು ಒಪ್ಪಲಾರೆ. ಬೆಳಗಿನ ತನಕ ಭಜನೆ ಕೇಳಿದ ಕಿವಿಗೆ ಅರ್ಧ ಗಂಟೆ ಚಿಲ್ಲರೆಯ ಕೃತಿ ಹೊರೆಯಲ್ಲ.

ಒಂದು ಕೋರಿಕೆ. ಮೊಬೈಲ್‌ನ ಸ್ಪೀಕರ್‌ನಲ್ಲಿ ಬೇಡ. ತಗ್ಗಿನ ಸ್ವರಗಳು ಅದರಲ್ಲಿ ಸರಿಯಾಗಿ ಬರುವುದಿಲ್ಲ, ಈ ಕೃತಿಯ ಅರ್ಧ ಜೀವ ಅಲ್ಲೇ ಇದೆ. ಇಯರ್‌ಫೋನ್ ಹಾಕಿಕೊಂಡು ಮೂರನೆಯ ಭಾಗದಿಂದಲೇ ಶುರು ಮಾಡಿ. ಆಗಲೂ ಹಿಡಿಸದಿದ್ದರೆ ಬರೆಯಿರಿ, ಆ ಪತ್ರವನ್ನೂ ಅಚ್ಚು ಹಾಕುತ್ತೇವೆ.