ಹಿನ್ನಡೆಯ ವರ್ಷದಲ್ಲಿ ಮದುವೆ, ಹಬ್ಬಗಳನ್ನು ಮುಂದೂಡಬೇಕಿತ್ತೇ? 2024ರ ಬಗ್ಗೆ ನನ್ನ ಉತ್ತರ

ಪ್ರಶ್ನೆ ಕೇಳಿದವರಿಗೆ ನಮಸ್ಕಾರ. ಒಂದರ ಮೇಲೊಂದು ತೊಂದರೆ ಬಂದ ವರ್ಷದಲ್ಲಿ ಮನೆಯ ಶುಭಕಾರ್ಯಗಳನ್ನು ಮುಂದೂಡುವುದೇ ಒಳ್ಳೆಯದಲ್ಲವೇ, ಅಂಥ ವರ್ಷವನ್ನು ನೆನೆದು ಯಾರಿಗೆ, ಯಾವುದಕ್ಕೆ ಕೃತಜ್ಞರಾಗಿರಲು ಸಾಧ್ಯ ಎಂದು ನೀವು ಕೇಳಿದ್ದೀರಿ. ನಾನು ಸಾಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ. ಊಟಕ್ಕೆ ಸಾಲುವಷ್ಟು ಭತ್ತದ ಗದ್ದೆಯೂ ಇದೆ. 2024 ನಮ್ಮ ಮನೆಗೆ ನೀವು ಹೇಳುವಂಥದ್ದೇ ವರ್ಷವಾಗಿತ್ತು. ಸಂಭ್ರಮಗಳು ನಷ್ಟವನ್ನು ತುಂಬಿಕೊಟ್ಟವು ಎಂಬ ಮಾತನ್ನು ನಾನು ಒಪ್ಪುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಲೆಕ್ಕಕ್ಕೆ ಕುಳಿತರೆ ಅವು ಖರ್ಚನ್ನು ಹೆಚ್ಚಿಸಿದವು. ಆದರೆ ಆ ವರ್ಷ ನಮ್ಮ ಅಂಗಳಕ್ಕೆ ಜನ ಬಂದದ್ದು, ಬಂದವರು ನಮ್ಮ ಕೆಲಸಕ್ಕೆ ಕೈಹಾಕಿದ್ದು ಆ ಸಂಭ್ರಮಗಳ ನೆಪದಿಂದಲೇ. ಉಳಿದ ಮಾತೆಲ್ಲ ಇದರ ವಿವರಣೆಯೆಂದು ತಿಳಿಯಿರಿ.

ವರ್ಷ ಹುಟ್ಟುವಾಗಲೇ ಬಾವಿಯ ನೀರು ತಳ ಹಿಡಿದಿತ್ತು. 2023ರ ಮುಂಗಾರು ಕೈಕೊಟ್ಟಿದ್ದರಿಂದ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತ್ತು. ಮಲೆನಾಡಿಗೂ ಬರವೇ ಎಂದು ಬಯಲುಸೀಮೆಯ ನೆಂಟರು ನಗುತ್ತಿದ್ದರು. ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ನೀರು ತಪ್ಪಿದರೆ ಹಿಂಗಾರ, ಅಂದರೆ ಹೂಗೊಂಚಲು, ಒಣಗಿ ಎಳೆಗಾಯಿ ಉದುರುತ್ತದೆ, ಅದರ ಪೆಟ್ಟು ಆ ವರ್ಷದ ಫಸಲಿಗಷ್ಟೇ ನಿಲ್ಲುವುದಿಲ್ಲ ಎಂಬುದು ತೋಟದವರಿಗೆ ಗೊತ್ತಿರುವ ವಿಷಯ. ಅದರ ಚಿಂತೆಯಲ್ಲಿ ಇರುವಾಗಲೇ, ಫೆಬ್ರುವರಿಯಲ್ಲಿ, ಕೊಟ್ಟಿಗೆಗೆ ಹಾಸಲು ತರಗೆಲೆ ತರುವುದಕ್ಕೆ ಸೊಪ್ಪಿನಬೆಟ್ಟಕ್ಕೆ ಹೋಗಿ ಬಂದಿದ್ದ ಅಪ್ಪನಿಗೆ ಜ್ವರ ಬಂತು.

ಅದು ಮಂಗನ ಕಾಯಿಲೆ, ಕಾಡಿನ ಉಣುಗು ಕಚ್ಚಿ ಬರುವ ಜ್ವರ. 1957ರಲ್ಲಿ ಈ ರೋಗ ಮೊದಲು ಪತ್ತೆಯಾದದ್ದು ನಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಇಷ್ಟು ವರ್ಷಗಳಾದರೂ ಅದಕ್ಕೆಂದೇ ಒಂದು ಔಷಧವಿಲ್ಲ. ಜ್ವರ ಇಳಿಸುತ್ತ, ದೇಹದ ನೀರಿನಂಶ ಕಾಯ್ದುಕೊಳ್ಳುತ್ತ, ರಕ್ತಸ್ರಾವವಾಗದಂತೆ ನೋಡಿಕೊಳ್ಳುತ್ತ ಕಾಯುವುದೇ ಚಿಕಿತ್ಸೆ. ಕೆಲವರಿಗೆ ಬಿಟ್ಟ ಜ್ವರ ಒಂದೆರಡು ವಾರದ ನಂತರ ಮರಳಿ ಬರುವುದುಂಟು, ಅಪ್ಪನಿಗೂ ಹಾಗೆಯೇ ಆಯಿತು. ಮೊದಲ ದಿನ ನಾವೆಲ್ಲ ಅದನ್ನು ಬಿಸಿಲಿನ ಜ್ವರವೆಂದೇ ತಿಳಿದು ಕಷಾಯ ಕಾಸುತ್ತಿದ್ದಾಗ, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ತೈಲದ ಬಾಟಲಿಗಳನ್ನು ಮನೆಮನೆಗೆ ಕೊಡುತ್ತ ಬಂದ ಆಶಾ ಕಾರ್ಯಕರ್ತೆ ಜಗಲಿಯ ಮೇಲೆ ಮಲಗಿದ್ದ ಅಪ್ಪನ ಮುಖ ನೋಡಿದರು. “ಇದು ಸಾದಾ ಜ್ವರ ಅಲ್ಲ ದೊಡ್ಡಪ್ಪ, ಕಣ್ಣು ನೋಡಿ ಹೇಗೆ ಕೆಂಪಾಗಿದೆ, ಈಗಲೇ ರಕ್ತ ಕೊಟ್ಟು ಬನ್ನಿ” ಎಂದು ಹೇಳಿ, ಅಪ್ಪ ಅಂಗಿ ಹಾಕಿಕೊಂಡು ಗಾಡಿ ಹತ್ತುವವರೆಗೂ ಅಂಗಳ ಬಿಟ್ಟು ಕದಲಲಿಲ್ಲ. ಆ ವರ್ಷ ನಾನು ಯಾರಿಗೆ ಕೃತಜ್ಞ ಎಂದು ಕೇಳಿದರೆ ಮೊದಲ ಹೆಸರು ಅವರದು. ತಿಂಗಳಿಗೆ ಕೈಗೆ ಸಿಗುವ ಗೌರವಧನಕ್ಕೂ ಅವರು ಮಾಡುವ ಕೆಲಸಕ್ಕೂ ಸಂಬಂಧವೇ ಇಲ್ಲ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ.

ತಮ್ಮನ ಮದುವೆ ಅದಕ್ಕೂ ಮೊದಲೇ ನಿಶ್ಚಯವಾಗಿತ್ತು. ಏಪ್ರಿಲ್ ಕೊನೆಗೆ ಶುಕ್ರ ಅಸ್ತ, ಮೇ ತಿಂಗಳಲ್ಲಿ ಗುರುವೂ ಅಸ್ತ; ಈ ಗ್ರಹಗಳು ಅಸ್ತವಾಗಿರುವಾಗ ಮದುವೆಗೆ ಮುಹೂರ್ತ ಇಡುವುದಿಲ್ಲ. ಆ ವರ್ಷ ಬೇಸಿಗೆಯ ಮುಹೂರ್ತಗಳೆಲ್ಲ ಏಪ್ರಿಲ್ ಒಳಗೇ ಮುಗಿಯುತ್ತಿದ್ದವು ಎಂಬುದು ಮದುವೆ ಮಾಡಿದ ಎಲ್ಲರಿಗೂ ನೆನಪಿರಬಹುದು. ಆಮೇಲೆ ಮಳೆಗಾಲ, ಆಷಾಢ. ಅಪ್ಪ ಇನ್ನೂ ಕೋಲು ಹಿಡಿದು ನಡೆಯುತ್ತಿದ್ದರು. ಕುಡಿಯುವ ನೀರಿಗೇ ತತ್ವಾರ. ಹೆಣ್ಣಿನ ಕಡೆಯವರು ದೊಡ್ಡ ಮನಸ್ಸಿನಿಂದ, ಬೇಕಾದರೆ ಮುಂದಿನ ವರ್ಷ ಮಾಡೋಣ ಎಂದಿದ್ದರು. ನನಗೂ ಅದೇ ಸರಿಯೆನಿಸಿತ್ತು. ಅವ್ವ ಒಪ್ಪಲಿಲ್ಲ. “ಮನೆಗೆ ಒಬ್ಬಳು ಹೆಣ್ಣುಮಗಳು ಬರುವುದನ್ನು ಬಾವಿಯನ್ನು ಕೇಳಿ ನಿಶ್ಚಯ ಮಾಡ್ತೀರಾ?” ಎಂದರು. ಆ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಮದುವೆಯ ನೀರಿಗೆ ದಾರಿ ಮಾಡಿಕೊಟ್ಟವರು ಪಕ್ಕದ ತೋಟದವರು. ಅವರದು ಬೋರ್‌ವೆಲ್; ಅವರ ಮರಗಳೂ ಬಾಯಿ ಬಿಡುತ್ತಿದ್ದವು. ಆದರೂ ಮದುವೆಯ ವಾರದಲ್ಲಿ ರಾತ್ರಿ ತ್ರೀಫೇಸ್ ಕರೆಂಟು ಬಂದಾಗಲೆಲ್ಲ ಮೊದಲು ನಮ್ಮ ಕಡೆಯ ಪೈಪಿಗೆ ನೀರು ಬಿಟ್ಟು, ತಮ್ಮ ತೋಟಕ್ಕೆ ಆಮೇಲೆ ತಿರುಗಿಸಿಕೊಳ್ಳುತ್ತಿದ್ದರು. ನಾವು ದುಡ್ಡಿನ ಮಾತೆತ್ತಿದ್ದಕ್ಕೆ ಅವರು ಸಿಟ್ಟಾದರು. ಚಪ್ಪರಕ್ಕೆ ಬೇಕಾದ ಅಡಿಕೆ ದಬ್ಬೆ, ಸೋಗೆಗಳನ್ನು ಊರಿನ ಹುಡುಗರೇ ತಂದರು. ನಾವು ದೀವರ ಸಮುದಾಯದವರು. ನಮ್ಮಲ್ಲಿ ಮದುಮಕ್ಕಳು ಕೂರುವ ಗೋಡೆಗೆ ಹಸೆ ಚಿತ್ತಾರ ಬರೆಯದೆ ಮದುವೆಯಾಗುವುದಿಲ್ಲ. ಅದಕ್ಕೆ ಗೋಡೆಗೆ ಕೆಮ್ಮಣ್ಣು ಬಳಿದು, ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಇಷ್ಟೇ ಬಣ್ಣಗಳಲ್ಲಿ ಪುಂಡಿನಾರಿನ ಕುಂಚದಿಂದ ಎಳೆ ಎಳೆಯಬೇಕು. ಆಸ್ಪತ್ರೆ, ಮನೆ ಎಂದು ಓಡಾಡಿ ಅವ್ವನ ಕೈ ನಡುಗುತ್ತಿತ್ತು. ಎಳೆ ನೆಟ್ಟಗೆ ಬಾರದೆ ಅವರು ಕುಂಚ ಕೆಳಗಿಟ್ಟಾಗ, ಹತ್ತಿರದ ಊರಿನಿಂದ ಅತ್ತೆ ಬಂದು ಸೆರಗು ಸಿಕ್ಕಿಸಿಕೊಂಡು ಗೋಡೆಯ ಮುಂದೆ ಕುಳಿತರು. ಅತ್ತೆಗೂ ಅವ್ವನಿಗೂ ಎಷ್ಟೋ ಕಾಲದಿಂದ ಮಾತು ಅಷ್ಟಕ್ಕಷ್ಟೇ ಇತ್ತು. ಆ ಗೋಡೆಯ ಎದುರು ಕುಳಿತ ಮೇಲೆ ಏನು ಮಾತಾಡಿಕೊಂಡರೋ ನಾವು ಕೇಳಲಿಲ್ಲ, ಆದರೆ ಚಿತ್ತಾರ ಮುಗಿಯುವ ಹೊತ್ತಿಗೆ ಇಬ್ಬರೂ ಒಂದೇ ತಟ್ಟೆಯಿಂದ ಎಲೆ ಅಡಿಕೆ ಹಾಕುತ್ತಿದ್ದರು. ಮುಂದೂಡಿದ್ದರೆ ಮದುವೆ ಇನ್ನೂ ಅಚ್ಚುಕಟ್ಟಾಗಿ ನಡೆಯುತ್ತಿತ್ತು. ಕೈ ನಡುಗದ ಅವ್ವ ಅತ್ತೆಯನ್ನು ಗೋಡೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಬರದ ಹಿಂದೆಯೇ ಅತಿವೃಷ್ಟಿ ಬಂತು. ಪುನರ್ವಸು, ಪುಷ್ಯ ಎರಡೂ ಮಳೆಗಳು ಬಿಡುವು ಕೊಡದೆ ಸುರಿದವು. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗವನ್ನು ತಡೆಯಲು ಅಡಿಕೆಗೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನಗಳ ನಂತರ ಇನ್ನೊಮ್ಮೆ ಹೊಡೆಯಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೆರೆಸಿದ ದ್ರಾವಣದಲ್ಲಿ ಕತ್ತಿಯ ಅಲಗನ್ನು ಅದ್ದಿದಾಗ ಅದಕ್ಕೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದೆಂದು ಅರ್ಥ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಬರೆದ ಕಾಲದಿಂದ ಇಂದಿನವರೆಗೂ ನಮಗೆ ಆಧಾರ ಇದೇ ದ್ರಾವಣ. ಆದರೆ ಗೊನೆ ಒಣಗಿರದೆ ಹೊಡೆದರೆ ಔಷಧ ನಿಲ್ಲುವುದಿಲ್ಲ, ಪಾಚಿ ಕಟ್ಟಿದ ಮರವನ್ನು ಕೊನೆಗಾರ, ಅಂದರೆ ಮರ ಹತ್ತಿ ಔಷಧ ಹೊಡೆಯುವ, ಗೊನೆ ಇಳಿಸುವ ಕೆಲಸಗಾರ, ಹತ್ತುವಂತಿಲ್ಲ. ಎರಡನೆಯ ಔಷಧಿಯ ದಿನ ದಾಟಿತು, ವಾರ ದಾಟಿತು. ಆಮೇಲೆ ಬೆಳಿಗ್ಗೆ ತೋಟಕ್ಕೆ ಇಳಿದರೆ ಮರದ ಬುಡದ ತುಂಬ ಬೂಷ್ಟು ಹಿಡಿದ ಹಸಿರು ಕಾಯಿ.

ಆ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಮಣ್ಣುಪಾಲಾದರು. ಆ ಸುದ್ದಿ ಕೇಳಿದ ಮೇಲೆ, ಉದುರಿದ ಕಾಯಿಯನ್ನು ಕಷ್ಟವೆಂದು ಕರೆಯಲು ನನಗೆ ಬಾಯಿ ಬರಲಿಲ್ಲ. ನಷ್ಟವೆಂದು ಮಾತ್ರ ಕರೆಯುತ್ತೇನೆ. ಕೊನೆಗೂ ಅರ್ಧ ದಿನ ಹೊಳವಾದಾಗ, ತನ್ನ ಸ್ವಂತ ತೋಟ ಬಾಕಿಯಿದ್ದ ಕೊನೆಗಾರ ನಮ್ಮಲ್ಲಿಗೆ ಬಂದ. ಮದುವೆಯಲ್ಲಿ ಅಡುಗೆಯ ಒಲೆಯ ಉಸ್ತುವಾರಿ ವಹಿಸಿದ್ದವನೂ ಅವನೇ. “ಅಯ್ಯ ಹುಷಾರಿಲ್ಲ, ತಮ್ಮ ಹೊಸದಾಗಿ ಮದುವೆಯಾದವ, ನಿಮ್ಮದು ಮುಗಿಸಿ ನಂದಕ್ಕೆ ಹೋಗ್ತೇನೆ” ಎಂದು, ನೆಲದಿಂದಲೇ ಔಷಧ ಹೊಡೆಯುವ ಉದ್ದನೆಯ ದೋಟಿಯನ್ನು ಬದಿಗಿಟ್ಟು, ದೋಟಿಗೆ ಎಟುಕದ ಹಳೆಯ ಎತ್ತರದ ಮರಗಳನ್ನೇ ಮೊದಲು ಹತ್ತಿದ. ಉಳಿದ ಫಸಲು ಉಳಿದದ್ದು ಆ ಮಧ್ಯಾಹ್ನದಿಂದ.

ಇನ್ನು ಭೂಮಿ ಹುಣ್ಣಿಮೆಯ ಮಾತು. ನಿಮ್ಮ ಪ್ರಶ್ನೆಗೆ ನಮ್ಮ ಮನೆಯ ಉತ್ತರವಿದ್ದರೆ ಅದು ಇದರಲ್ಲಿದೆ. ಆಶ್ವಯುಜದ ಈ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆಯಾಗಿರುತ್ತದೆ, ಅಂದರೆ ತೆನೆ ಇನ್ನೂ ಪೈರಿನ ಒಡಲಲ್ಲೇ ಇರುತ್ತದೆ. ಭೂಮಿ ಈಗ ಬಸುರಿ, ಅವಳಿಗೆ ಬಯಕೆಯ ಊಟ ಬಡಿಸಬೇಕೆಂಬುದು ನಮ್ಮ ಕಡೆಯ ನಂಬಿಕೆ. ಮಹಾನವಮಿ ಕಳೆದ ಕೂಡಲೇ ಹೆಂಗಸರು ಭೂಮಣ್ಣಿ ಬುಟ್ಟಿಗೆ, ಅಂದರೆ ಹಬ್ಬದ ಎಡೆಯನ್ನು ಗದ್ದೆಗೆ ಒಯ್ಯುವ ಬುಟ್ಟಿಗೆ, ಕೆಮ್ಮಣ್ಣು ಬಳಿದು ಚಿತ್ತಾರ ತೆಗೆಯುತ್ತಾರೆ. ಹುಣ್ಣಿಮೆಯ ಹಿಂದಿನ ರಾತ್ರಿ ನಿದ್ದೆಯಿಲ್ಲ: ಬಗೆಬಗೆಯ ಕಾಡುಸೊಪ್ಪು, ಅಮಟೆಕಾಯಿ, ಹೀರೆಕಾಯಿ, ಸೌತೆಕಾಯಿ ಕೂಡಿಸಿ ಚರಗ ಬೇಯಿಸುವುದು, ಕಡುಬು ಕಟ್ಟುವುದು. ಬೆಳಕು ಹರಿಯುವ ಮೊದಲೇ ಗಂಡಸರು ದೊಂದಿ ಹಿಡಿದು, ಭೂತಾಯಿಯನ್ನು ಊಟಕ್ಕೆ ಕೂಗಿ ಕರೆಯುತ್ತ ಗದ್ದೆ ತೋಟಗಳಿಗೆಲ್ಲ ಚರಗ ಬೀರಿ ಬರುತ್ತಾರೆ. ಬೆಳಗಾದ ಮೇಲೆ ಮನೆಯವರೆಲ್ಲ ಗದ್ದೆಗೆ ಹೋಗಿ, ಪೈರಿಗೆ ತಾಳಿ ತೊಡಿಸಿ ಪೂಜಿಸಿ, ಒಂದು ಎಡೆಯನ್ನು ಅಲ್ಲೇ ಮಣ್ಣಿನಲ್ಲಿ ಹೂಳಿ, ಗದ್ದೆಯ ಬದುವಿನ ಮೇಲೆ ಕುಳಿತು ಊಟ ಮಾಡುತ್ತೇವೆ.

ಅರ್ಧ ಫಸಲು ನೆಲಕ್ಕೆ ಹೋದ ವರ್ಷದಲ್ಲಿ ಈ ಬಯಕೆಯ ಊಟ ಯಾತಕ್ಕೆ ಎಂದು ತಮ್ಮ ಕೇಳಿದ. ಬೆಂಗಳೂರಿನಲ್ಲಿ ಕೆಲಸ ಮಾಡುವವನಿಗೆ ಅದು ಸಹಜವಾದ ಪ್ರಶ್ನೆಯೇ. ಅಪ್ಪ ತಮ್ಮ ಅಜ್ಜಿಯ ಕಥೆ ಹೇಳಿದರು. ನಮ್ಮ ಮೂಲ ಗದ್ದೆ ಇರುವುದು ಲಿಂಗನಮಕ್ಕಿಯ ಹಿನ್ನೀರಿನ ತಳದಲ್ಲಿ. 1964ರಲ್ಲಿ ಅಣೆಕಟ್ಟು ಮುಗಿದು ಮನೆ, ಗದ್ದೆ, ದೈವದ ಬನ ಎಲ್ಲ ಮುಳುಗಿ, ಇಲ್ಲಿಗೆ ಬಂದು ಗುಡಿಸಲು ಕಟ್ಟಿಕೊಂಡ ಮೊದಲ ವರ್ಷ, ಒಂದು ಹಿಡಿ ಭತ್ತವನ್ನೂ ಬಿತ್ತಿರದ ಕುರುಚಲು ಗುಡ್ಡದ ಮೇಲೆ ಅಜ್ಜಿ ಚರಗ ಬೀರಿಸಿದ್ದರಂತೆ. ಕೊಟ್ಟ ಮೇಲೆ ಉಣ್ಣಿಸುವುದು ಕೂಲಿಯಾಗುತ್ತದೆ, ಕೊಡುವ ಮೊದಲು ಉಣ್ಣಿಸಬೇಕು ಎಂಬುದು ಅವರ ತರ್ಕವಾಗಿತ್ತು. ದೇವರು, ದಿಂಡರ ವಿಷಯದಲ್ಲಿ ನಾನು ಅಷ್ಟೇನೂ ಗಟ್ಟಿ ನಂಬಿಕೆಯವನಲ್ಲ. ಆದರೂ ಈ ತರ್ಕದಲ್ಲಿ ದೋಷ ಹುಡುಕಲು ನನ್ನಿಂದ ಆಗಿಲ್ಲ. ಆ ವರ್ಷ ಭೂಮಣ್ಣಿ ಬುಟ್ಟಿಗೆ ಬರೆದವಳು ಹೊಸ ಸೊಸೆ, ಪಕ್ಕದಲ್ಲಿ ಕೂತು ತಿದ್ದಿದವರು ಮದುವೆಯಲ್ಲಿ ಹಸೆ ಬರೆದ ನಮ್ಮ ಅತ್ತೆ. ಅಪ್ಪ ಕೋಲೂರಿಕೊಂಡು ತಾವೇ ಗದ್ದೆಯವರೆಗೆ ನಡೆದು ಬಂದರು, ಬದುವಿನ ಮೇಲೆ ಕೂತು ಎರಡು ಕಡುಬು ಹೆಚ್ಚಾಗಿಯೇ ತಿಂದರು.

ಹಣದ ಲೆಕ್ಕವನ್ನೂ ಕೇಳುವವರಿರುತ್ತಾರೆ. ರಾಶಿ ಎಂಬ ದರ್ಜೆಯ ಅಡಿಕೆಗೆ ಕ್ವಿಂಟಲಿಗೆ 50 ಸಾವಿರದ ಆಸುಪಾಸು ಧಾರಣೆಯಿದ್ದದ್ದು ನಮ್ಮನ್ನು ತಕ್ಕಮಟ್ಟಿಗೆ ಕಾಪಾಡಿತು. ಹವಾಮಾನ ಆಧಾರಿತ ಬೆಳೆ ವಿಮೆಗೆ ಆ ವರ್ಷ ಅಡಿಕೆಗೆ ಹೆಕ್ಟೇರಿಗೆ 6,400 ರೂಪಾಯಿಯಂತೆ ಕಂತು ಕಟ್ಟಿದರೆ ವಿಮಾ ಮೊತ್ತ 1,28,000 ರೂಪಾಯಿ ಇತ್ತು. ಆದರೆ ಪರಿಹಾರ ನಿರ್ಧಾರವಾಗುವುದು ಮಳೆಮಾಪಕದ ಅಂಕಿಯ ಮೇಲೆ, ನಿಮ್ಮ ಮರದ ಬುಡದಲ್ಲಿ ಬಿದ್ದ ಕಾಯಿಯ ಮೇಲಲ್ಲ. ಮದುವೆಗೆ ಸಹಕಾರ ಸಂಘದಲ್ಲಿ ತೆಗೆದ ಸಾಲದ ಒಂದು ಭಾಗ ಇನ್ನೂ ಬಾಕಿಯಿದೆ. ನಿಮ್ಮ ಮನೆಯಲ್ಲಿ ಸಾಲ ತೀರಿಸುವ ದಾರಿಯೇ ಇಲ್ಲವೆಂದಾದರೆ ಮುಂದೂಡಿ, ಅದರಲ್ಲಿ ಅವಮಾನವೇನಿಲ್ಲ. ಶಕ್ತಿ ಸ್ವಲ್ಪವಿದ್ದು ಮನಸ್ಸು ಮಾತ್ರ ಕುಗ್ಗಿದ್ದರೆ, ಚಿಕ್ಕದಾಗಿ ಮಾಡಿ, ಆದರೆ ಮಾಡಿ ಎನ್ನುತ್ತೇನೆ.

ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿ ಕಡಿಮೆ. ನೀರು ಕೊಟ್ಟವರಿಗೆ ಧನ್ಯವಾದ ಎಂದರೆ ಅವರು ಮುಖ ಮುಖ ನೋಡಿಯಾರು. ಅದನ್ನು ನಾವು ಮುಯ್ಯಾಳಿನ ರೂಪದಲ್ಲಿ, ಅಂದರೆ ಅವರ ಕೆಲಸಕ್ಕೆ ಕೂಲಿಯಿಲ್ಲದೆ ಹೋಗಿ ದುಡಿದು, ತೀರಿಸುತ್ತೇವೆ. ಕೊನೆಗಾರನ ಮನೆಯಲ್ಲಿ ಅಡಿಕೆ ಸುಲಿಯುವುದಕ್ಕೆ ಈ ಚಳಿಗಾಲದಲ್ಲಿ ನಾನೂ ನನ್ನ ಹೆಂಡತಿಯೂ ರಾತ್ರಿ ಹೋಗಿ ಕುಳಿತೆವು. ಆಶಾ ಕಾರ್ಯಕರ್ತೆಯ ಮಗನಿಗೆ ತಮ್ಮ ಬೆಂಗಳೂರಿನಲ್ಲಿ ಇಳಿದುಕೊಳ್ಳಲು ಜಾಗ ನೋಡಿಕೊಟ್ಟಿದ್ದಾನೆ. ಪಕ್ಕದ ತೋಟದವರ ಮಗಳ ಮದುವೆ ಬರುವ ಬೇಸಿಗೆಗೆ ನಿಶ್ಚಯವಾಗಿದೆ. ಚಪ್ಪರದ ಕೆಲಸ ಪೂರ್ತಿ ನಮ್ಮದೆಂದು ಅಪ್ಪ ಈಗಾಗಲೇ ಹೇಳಿಬಂದಿದ್ದಾರೆ. ಹಸೆಗೋಡೆ ಯಾರು ಬರೆಯಬೇಕೆಂಬುದರ ಬಗ್ಗೆ ಅವ್ವನಿಗೂ ಅತ್ತೆಗೂ ಈಗ ಹೊಸ ಜಗಳ ಶುರುವಾಗಿದೆ.