ಯೀಸ್ಟ್‌ನ ಜೀನ್ ಸ್ವಿಚ್ಚು ಹಣ್ಣುನೊಣದಲ್ಲೂ ಕೆಲಸ ಮಾಡುವುದು ಹೇಗೆ?

ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್‌ಗೂ ಪ್ರಾಣಿಗಳಿಗೂ ಸಮಾನನಾದ ಪೂರ್ವಜ ಬದುಕಿದ್ದು ಸುಮಾರು ನೂರು ಕೋಟಿ ವರ್ಷಗಳಷ್ಟು ಹಿಂದೆ. ಆದರೂ ಡಿಎನ್‌ಎಯಲ್ಲಿರುವ ಮಾಹಿತಿಯನ್ನು ಆರ್‌ಎನ್‌ಎಗೆ ನಕಲಿಸುವ ವ್ಯವಸ್ಥೆಯ ತಿರುಳು ಎರಡರಲ್ಲೂ ಒಂದೇ ಆಗಿ ಉಳಿದಿದೆ. ಯೀಸ್ಟ್‌ನ ಸ್ವಿಚ್ಚು ಹಣ್ಣುನೊಣದಲ್ಲೂ ಕೆಲಸ ಮಾಡಲು ಕಾರಣ ಇಷ್ಟೇ.

ಆ ಸ್ವಿಚ್ಚಾದ ಗ್ಯಾಲ್4 ಎಂಬುದು ಗ್ಯಾಲಕ್ಟೋಸ್ ಸಕ್ಕರೆ ದೊರೆತಾಗ ಅದನ್ನು ಬಳಸಿಕೊಳ್ಳಲು ಬೇಕಾದ ಜೀನ್‌ಗಳನ್ನು ಎಚ್ಚರಿಸುವ ಯೀಸ್ಟ್ ಪ್ರೋಟೀನು. ಅದರ ಒಂದು ತುದಿ ಡಿಎನ್‌ಎಯ ನಿರ್ದಿಷ್ಟ ತಾಣವನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ತುದಿ ನಕಲು ಯಂತ್ರವನ್ನು ಅಲ್ಲಿಗೆ ಕರೆತರುತ್ತದೆ. ಆ ತಾಣವನ್ನು ಜೀನಿನ ಮುಂದೆ ಜೋಡಿಸಿಕೊಟ್ಟರೆ ಸಸ್ತನಿಗಳ ಕೋಶಗಳಲ್ಲೂ ಹಣ್ಣುನೊಣದಲ್ಲೂ ಗ್ಯಾಲ್4 ಜೀನನ್ನು ಚಾಲೂ ಮಾಡುತ್ತದೆಂದು 1988ರಲ್ಲಿ ತಿಳಿದುಬಂತು. ಹಣ್ಣುನೊಣಕ್ಕೆ ಗ್ಯಾಲಕ್ಟೋಸ್‌ನ ಈ ಏರ್ಪಾಡಿನ ಪರಿಚಯವೇ ಇಲ್ಲ. ಗ್ಯಾಲ್4 ಕರೆದಾಗ ಓಗೊಡುವ ಯಂತ್ರ ಮಾತ್ರ ಅದರಲ್ಲೂ ಇದೆ.

ಆ ಯಂತ್ರವಾದ ಆರ್‌ಎನ್‌ಎ ಪಾಲಿಮರೇಸ್ 2 ಯೀಸ್ಟ್‌ನಲ್ಲೂ ಮನುಷ್ಯನಲ್ಲೂ 12 ಉಪಘಟಕಗಳಿಂದ, ಅಂದರೆ ಒಟ್ಟುಗೂಡಿದ ಬಿಡಿ ಪ್ರೋಟೀನುಗಳಿಂದ, ಆಗಿದ್ದು, ಮನುಷ್ಯನ ಕೆಲವು ಉಪಘಟಕಗಳನ್ನು ಯೀಸ್ಟ್‌ನವುಗಳ ಜಾಗದಲ್ಲಿ ಇಟ್ಟರೂ ಕೋಶ ಬದುಕುತ್ತದೆ. ಇದರ ಅತಿ ದೊಡ್ಡ ಉಪಘಟಕಕ್ಕೆ ಏಳು ಅಮೈನೋ ಆಮ್ಲಗಳ ಒಂದೇ ಸರಣಿ ಮತ್ತೆ ಮತ್ತೆ ಬರುವ ಬಾಲವೊಂದಿದೆ: ಯೀಸ್ಟ್‌ನಲ್ಲಿ ಸುಮಾರು 26 ಬಾರಿ, ಮನುಷ್ಯನಲ್ಲಿ 52 ಬಾರಿ. ರೋಜರ್ ಕಾರ್ನ್‌ಬರ್ಗ್ ಅವರಿಗೆ 2006ರ ನೊಬೆಲ್ ತಂದುಕೊಟ್ಟ ರಚನಾ ಅಧ್ಯಯನ ನಡೆದದ್ದೂ ಯೀಸ್ಟ್‌ನ ಪಾಲಿಮರೇಸ್ ಮೇಲೆಯೇ.

ಹಾಗೆಂದು ಎಲ್ಲವೂ ಅದಲುಬದಲಾಗುವುದಿಲ್ಲ. ಅನೇಕ ಜೀನ್‌ಗಳ ಆರಂಭದ ಬಳಿ ಇರುವ ‘ಟಾಟಾ ಪೆಟ್ಟಿಗೆ’ ಎಂಬ ಡಿಎನ್‌ಎ ತುಣುಕನ್ನು ಹಿಡಿಯುವ ಪ್ರೋಟೀನಿನ ಮುಖ್ಯ ಭಾಗ ಯೀಸ್ಟ್‌ನಲ್ಲೂ ಮನುಷ್ಯನಲ್ಲೂ ಶೇಕಡಾ 80ರಷ್ಟು ಹೋಲುತ್ತದೆ; ಯೀಸ್ಟ್‌ನದು ಪ್ರನಾಳದಲ್ಲಿ ಮನುಷ್ಯನದರ ಕೆಲಸ ಮಾಡಿದರೂ, ಜೀವಂತ ಯೀಸ್ಟ್‌ನಲ್ಲಿ ಮನುಷ್ಯನದು ಅದರ ಸ್ಥಾನವನ್ನು ತುಂಬಲಾರದು.