ಪ್ರೌಢಶಾಲಾ ಶಿಕ್ಷಕರಾಗಲು ಭೌತಶಾಸ್ತ್ರದಲ್ಲಿ ಯಾವ ಪದವಿ ಓದಬೇಕು?

ದ್ವಿತೀಯ ಪಿಯುಸಿ ಮುಗಿಸುತ್ತಿದ್ದೀರಿ, ಭೌತಶಾಸ್ತ್ರ ಇಷ್ಟ, ಪ್ರೌಢಶಾಲೆಯಲ್ಲಿ ಪಾಠ ಹೇಳುವ ಆಸೆಯಿದೆ, ಆದರೆ ಮುಂದೆ ಎಂ.ಎಸ್ಸಿ. ಮಾಡಬೇಕೆನಿಸಿದರೆ ದಾರಿ ಮುಚ್ಚಿರಬಾರದು ಎಂದು ಬರೆದಿದ್ದೀರಿ. ನಾನು ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸುತ್ತಿರುವವನು. ನನ್ನ ಮಟ್ಟಿಗೆ, ಪದವಿಯ ಹೆಸರಿಗಿಂತ ಅದರಲ್ಲಿರುವ ಕಾಂಬಿನೇಶನ್, ಅಂದರೆ ಒಟ್ಟಿಗೆ ಓದುವ ವಿಷಯಗಳ ಗುಂಪು, ಮುಖ್ಯ.

ಕರ್ನಾಟಕದ ಪ್ರೌಢಶಾಲೆಗಳಲ್ಲಿ 'ಭೌತಶಾಸ್ತ್ರ ಶಿಕ್ಷಕ' ಎಂಬ ಪ್ರತ್ಯೇಕ ಹುದ್ದೆ ಇಲ್ಲ. ಇರುವುದು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರು ಮತ್ತು ಸಿಬಿಝೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕರು. ಭೌತಶಾಸ್ತ್ರ ಓದಿದವರು ಮೊದಲ ಗುಂಪಿಗೆ ಸೇರುತ್ತಾರೆ, ಅವರ ದಿನದ ಹೆಚ್ಚಿನ ಪಿರಿಯಡ್‌ಗಳು ಗಣಿತಕ್ಕೇ ಹೋಗುತ್ತವೆ. ನನ್ನ ಹಾಸ್ಟೆಲ್ ಗೆಳೆಯನೊಬ್ಬ ಕೆಮಿಸ್ಟ್ರಿ ಲ್ಯಾಬಿನ ವಾಸನೆ ಆಗದೆಂದು ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಶನ್ ತೆಗೆದುಕೊಂಡ. ನೇಮಕಾತಿ ಅಧಿಸೂಚನೆ ಬಂದ ದಿನ ಅದರಲ್ಲಿ ಕೇಳಿದ್ದ ಮೂರು ವಿಷಯಗಳನ್ನು ನೋಡಿ ಪೆಚ್ಚಾದ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಬದಲಾಗಿದ್ದ ಪದವಿಯ ಸ್ವರೂಪವನ್ನು ರಾಜ್ಯ ಸರ್ಕಾರ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಂದಿದೆ. ಹೀಗಿರುವಾಗ ಸೀನಿಯರ್‌ಗಳು ಓದಿದ್ದನ್ನು ನೆಚ್ಚಿಕೊಳ್ಳದೆ, ನೀವು ಸೇರುವ ವರ್ಷದ ಪಠ್ಯಕ್ರಮವನ್ನೂ ಇತ್ತೀಚಿನ ನೇಮಕಾತಿ ಅಧಿಸೂಚನೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಶಿಕ್ಷಕರಾಗುವುದು ಖಚಿತವಾಗಿದ್ದರೆ ರಸಾಯನಶಾಸ್ತ್ರವನ್ನು ಬಿಡಬೇಡಿ.

ಮೂರು ವರ್ಷದ ಬಿ.ಎಸ್ಸಿ., ಅದರ ಮೇಲೆ ಎರಡು ವರ್ಷದ ಬಿ.ಇಡಿ. ಎಂದರೆ ಒಟ್ಟು ಐದು ವರ್ಷ. ಬಿ.ಇಡಿ.ಗೆ ಪದವಿಯಲ್ಲಿ ಸಾಮಾನ್ಯವಾಗಿ ಶೇ. 50 ಅಂಕ ಬೇಕು. ನಾಲ್ಕೇ ವರ್ಷದಲ್ಲಿ ಎರಡೂ ಮುಗಿಯುವ ಬಿ.ಎಸ್ಸಿ.-ಬಿ.ಇಡಿ. ಕೋರ್ಸಿಗೆ ನಮ್ಮಲ್ಲಿ ಹಳೆಯ ಹೆಸರು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಗೆ (ಎನ್‌ಸಿಇಆರ್‌ಟಿ) ಸೇರಿದ ಈ ಸಂಸ್ಥೆಯ ಆವರಣದಲ್ಲೇ ಶಾಲೆಯೂ ಇದೆ. ಇಂಥ ಸಂಯೋಜಿತ ಕೋರ್ಸುಗಳು ಈಗ ದೇಶದಾದ್ಯಂತ ಐಟೆಪ್ (ಸಂಯೋಜಿತ ಶಿಕ್ಷಕ ಶಿಕ್ಷಣ ಕಾರ್ಯಕ್ರಮ) ಹೆಸರಿನಲ್ಲಿ ಬರುತ್ತಿದ್ದು, ಪ್ರವೇಶಕ್ಕೆ ಎನ್‌ಸಿಇಟಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬೇಕು. ಒಂದು ವರ್ಷ ಉಳಿಯುತ್ತದೆ ನಿಜ, ಆದರೆ ಹದಿನೆಂಟನೇ ವಯಸ್ಸಿಗೇ ವೃತ್ತಿಯನ್ನು ಗಟ್ಟಿ ಮಾಡಿಕೊಂಡಂತೆಯೂ ಆಗುತ್ತದೆ. ಮನಸ್ಸು ಇನ್ನೂ ತೂಗುಯ್ಯಾಲೆಯಲ್ಲಿದ್ದರೆ ಸಾದಾ ಬಿ.ಎಸ್ಸಿ.ಯೇ ಮೇಲು. ಅದಾದ ನಂತರ ಎಂ.ಎಸ್ಸಿ. ಮತ್ತು ಬಿ.ಇಡಿ. ಎರಡನ್ನೂ ಮಾಡಿಕೊಂಡರೆ ಪಿಯು ಉಪನ್ಯಾಸಕರ ಹುದ್ದೆಗೂ ಕೇಂದ್ರೀಯ ವಿದ್ಯಾಲಯಗಳ ಪಿಜಿಟಿ (ಸ್ನಾತಕೋತ್ತರ ಶಿಕ್ಷಕ) ಹುದ್ದೆಗೂ ಅರ್ಜಿ ಹಾಕಬಹುದು, ಅಲ್ಲಿ ನಿಜವಾಗಿ ಭೌತಶಾಸ್ತ್ರವನ್ನಷ್ಟೇ ಕಲಿಸಬಹುದು.

ಸಂಶೋಧನೆಯ ಕಡೆಗೇ ಹೆಚ್ಚು ಸೆಳೆತವಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಲ್ಲಿ ಆರಂಭವಾದ ನಾಲ್ಕು ವರ್ಷದ ಪದವಿಯಿದೆ, ಐಸರ್‌ಗಳೆಂಬ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಲ್ಲಿ ಐದು ವರ್ಷದ ಬಿ.ಎಸ್.-ಎಂ.ಎಸ್. ಇದೆ. ಆದರೆ ಇವುಗಳಲ್ಲಿ ಬಿ.ಇಡಿ. ಸೇರಿಲ್ಲ.

ಕಲಿಸುವುದಕ್ಕೆ ಏನು ಬೇಕೆಂಬುದು ನನಗೆ ತಿಳಿದದ್ದು ಪದವಿಯಲ್ಲಲ್ಲ, ತರಗತಿಯಲ್ಲಿ. ಮೊದಲ ವರ್ಷ ಹತ್ತನೇ ತರಗತಿಯ ಹುಡುಗಿಯೊಬ್ಬಳು, 40 ವ್ಯಾಟ್ ಮತ್ತು 100 ವ್ಯಾಟ್ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ ಎಂದು ಕೇಳಿದಳು. ನಾನು ಯೋಚಿಸದೆ 100 ಎಂದೆ. ಮರುದಿನ ಬಲ್ಬು ಹೋಲ್ಡರ್ ತಂದು ಜೋಡಿಸಿದಾಗ 40ರದ್ದು ಚೆನ್ನಾಗಿಯೇ ಉರಿಯಿತು, 100ರದ್ದರ ತಂತಿ ಬರೀ ಕೆಂಪಗಾಯಿತು. 230 ವೋಲ್ಟಿನ ಲೆಕ್ಕದಲ್ಲಿ 40 ವ್ಯಾಟಿನ ಬಲ್ಬಿನ ರೋಧ ಸುಮಾರು 1,320 ಓಮ್, 100 ವ್ಯಾಟಿನದು ಸುಮಾರು 530. ಸರಣಿಯಲ್ಲಿ ಎರಡರಲ್ಲೂ ಹರಿಯುವ ವಿದ್ಯುತ್ ಒಂದೇ ಆದ್ದರಿಂದ ರೋಧ ಹೆಚ್ಚಿರುವುದೇ ಹೆಚ್ಚು ಬೆಳಗುತ್ತದೆ. ಸೂತ್ರ ನನಗೆ ಬಾಯಿಪಾಠವಿತ್ತು, ಆದರೆ ಅಂಥ ಎರಡು ಬಲ್ಬುಗಳನ್ನು ನಾನೇ ಎಂದೂ ಜೋಡಿಸಿ ನೋಡಿರಲಿಲ್ಲ. ಆದ್ದರಿಂದ ಪ್ರವೇಶಕ್ಕೆ ಮೊದಲು ಕಾಲೇಜಿಗೆ ಹೋಗಿ, ಪ್ರಯೋಗಗಳನ್ನು ನಿಜವಾಗಿ ಮಾಡಿಸುತ್ತಾರೋ ಅಥವಾ ಹಿಂದಿನ ವರ್ಷದ ರೆಕಾರ್ಡಿನಿಂದ ರೀಡಿಂಗ್ ಇಳಿಸಿಕೊಳ್ಳುತ್ತಾರೋ ಎಂದು ಅಲ್ಲಿನ ಎರಡನೇ ವರ್ಷದ ವಿದ್ಯಾರ್ಥಿಗಳನ್ನೇ ಕೇಳಿ.